ದೂರದ ರೇಡಿಯೊ ಕೇಂದ್ರಗಳಿಗೆ ಹೊರಗಿನ ಏರಿಯಲ್: ದಾವಣಗೆರೆ–ಚಿತ್ರದುರ್ಗದ ಕೇಳುಗರಿಗೆ ಯಾವುದು ಒಪ್ಪುತ್ತದೆ?

ಒಳ್ಳೆಯ ರೇಡಿಯೊ ಕೊಂಡವರು ಸ್ವಲ್ಪ ದಿನದಲ್ಲೇ ಕೇಳುವ ಪ್ರಶ್ನೆ ತಾರಸಿಯ ಮೇಲೆ ಏನು ಕಟ್ಟಬೇಕು ಎಂಬುದು. ಅಷ್ಟರೊಳಗೆ ಅವರ ಕಿವಿಗೆ ನಾಲ್ಕು ಹೆಸರುಗಳು ಬಿದ್ದಿರುತ್ತವೆ: ಉದ್ದನೆಯ ತಂತಿ, ನಡುವೆ ಕತ್ತರಿಸಿದ ಎರಡು ತೋಳಿನ ತಂತಿಯಾದ ಡೈಪೋಲ್, ಬಳೆಯಂತೆ ಸುತ್ತಿದ ಚೌಕಟ್ಟಾದ ಲೂಪ್ ಮತ್ತು ಟೀವಿಯ ಹಳೆಯ ಏರಿಯಲ್ಲನ್ನು ಹೋಲುವ ಯಾಗಿ. ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ, ಮತ್ತು ಹೊಗಳುವವರು ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಅವರ ಮನೆ, ಅವರ ನೆಲ, ಅವರು ಕೇಳುವ ಕೇಂದ್ರಗಳು ಬೇರೆಯಾಗಿರುತ್ತವೆ, ಅಷ್ಟೆ. 1997ರವರೆಗೆ ಬಹುಪಾಲು ಒಂದೇ ಜಿಲ್ಲೆಯಾಗಿದ್ದ ನಮ್ಮ ಸೀಮೆಯೊಳಗೇ ಭದ್ರಾ ನಾಲೆಯ ಎರೆಮಣ್ಣಿನ ಊರಿಗೆ ಒಪ್ಪುವ ಏರಿಯಲ್ ಕೋಟೆಯ ಬಂಡೆಯ ಪಕ್ಕದ ಮನೆಗೆ ಒಪ್ಪಲಾರದು. ಆದ್ದರಿಂದ ಏರಿಯಲ್ಲುಗಳನ್ನು ಒಂದೊಂದಾಗಿ ತೂಗುವ ಮೊದಲು ಯಾವ ಅಳತೆಗಳಿಂದ ತೂಗಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಒಳಿತು.

ಯಾವ ತರಂಗವನ್ನು ಕೇಳುತ್ತೀರಿ?

ಮಧ್ಯಮ ತರಂಗದಲ್ಲಿ ನಮ್ಮವರು ಹುಡುಕುವುದು ಮುಖ್ಯವಾಗಿ ಆಕಾಶವಾಣಿಯ ಮೂರು ಕೇಂದ್ರಗಳನ್ನು: ಬೆಂಗಳೂರಿನ 612, ಭದ್ರಾವತಿಯ 675 ಮತ್ತು ಧಾರವಾಡದ 765 ಕಿಲೋಹರ್ಟ್ಸ್. ಹಗಲಿನಲ್ಲಿ ಈ ತರಂಗಗಳು ನೆಲವನ್ನು ಹಿಡಿದು ಬರುತ್ತವೆ. ತೇವವಿರುವ ಮಣ್ಣಿನ ಮೇಲೆ ಹೆಚ್ಚು ದೂರ ಸಾಗುತ್ತವೆ, ಒಣ ಬಂಡೆಯ ಮೇಲೆ ಬೇಗ ಸೊರಗುತ್ತವೆ. ಸೂರ್ಯ ಮುಳುಗಿದ ಮೇಲೆ, ಹಗಲೆಲ್ಲ ಅವುಗಳನ್ನು ಹೀರಿಕೊಳ್ಳುತ್ತಿದ್ದ ಅಯಾನುಗೋಳದ (ವಾಯುಮಂಡಲದ ಮೇಲ್ಭಾಗದ ವಿದ್ಯುದಾವೇಶದ ವಲಯದ) ಕೆಳಪದರವು ಕರಗುವುದರಿಂದ, ಮೇಲಿನ ಪದರಕ್ಕೆ ತಾಗಿ ಮರಳುವ ಅಲೆಗಳ ಮೂಲಕ ಸಾವಿರ ಕಿಲೋಮೀಟರ್ ಆಚೆಯ ಕೇಂದ್ರಗಳೂ ಕೇಳಿಸತೊಡಗುತ್ತವೆ. ಕಿರುತರಂಗದಲ್ಲಿ ಎಲ್ಲವೂ ಈ ಮೇಲಿನ ಪದರದ ಆಟವೇ: ಅಲೆಯ ಉದ್ದದಿಂದ ಹೆಸರಿಸುವ 49 ಮತ್ತು 41 ಮೀಟರ್ ಪಟ್ಟಿಗಳು ರಾತ್ರಿಗೆ, 19 ಮೀಟರ್ ಪಟ್ಟಿ ಹಗಲಿಗೆ, 31 ಮತ್ತು 25 ಮೀಟರ್‌ಗಳು ಮುಸ್ಸಂಜೆಯ ಎರಡೂ ಬದಿಗೆ ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು.

ಎಫ್.ಎಂ. ಹಾಗಲ್ಲ; ಅದು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುವ ತರಂಗ. ಪ್ರಸಾರ ಗೋಪುರದ ಎತ್ತರ ಮತ್ತು ನಿಮ್ಮ ಏರಿಯಲ್ಲಿನ ಎತ್ತರ, ಇವೆರಡನ್ನೂ ಮೀಟರಿನಲ್ಲಿ ತೆಗೆದುಕೊಂಡು ಒಂದೊಂದರ ವರ್ಗಮೂಲವನ್ನು 4.12ರಿಂದ ಗುಣಿಸಿ ಕೂಡಿದರೆ ಸಮತಟ್ಟಾದ ನೆಲದಲ್ಲಿ ಸಿಗುವ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ನೂರು ಮೀಟರಿನ ಗೋಪುರಕ್ಕೆ 41, ಒಂಬತ್ತು ಮೀಟರ್ ಎತ್ತರದ ನಿಮ್ಮ ಏರಿಯಲ್ಲಿಗೆ 12, ಒಟ್ಟು 53 ಕಿ.ಮೀ. ಚಿತ್ರದುರ್ಗದ 102.6 ಮೆಗಾಹರ್ಟ್ಸ್ ಕೇಂದ್ರವನ್ನು ಸುಮಾರು 60 ಕಿ.ಮೀ. ದೂರದ ದಾವಣಗೆರೆಯಲ್ಲಿ ಕೇಳಬಯಸುವವರು ಈ ಲೆಕ್ಕದ ಅಂಚಿನಲ್ಲಿದ್ದಾರೆ. ಚಿತ್ರದುರ್ಗದ ನೆಲ ದಾವಣಗೆರೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದು ಅವರಿಗೆ ಅನುಕೂಲ, ನಡುವಿನ ಗುಡ್ಡಗಳು ಪ್ರತಿಕೂಲ. ಅಂಚಿನಲ್ಲಿರುವವರಿಗೆ ಏರಿಯಲ್ಲನ್ನು ನಾಲ್ಕು ಮೀಟರಿನಿಂದ ಒಂಬತ್ತಕ್ಕೆ ಏರಿಸುವುದರಿಂದ ಸಿಗುವ ನಾಲ್ಕು ಕಿಲೋಮೀಟರೂ ದೊಡ್ಡದೇ.

ಗದ್ದಲ ಎಲ್ಲಿಂದ ಬರುತ್ತಿದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಅಳತೆ. ಆದರೂ ಹೆಚ್ಚಿನವರು ಇದನ್ನು ಕೇಳಿಕೊಳ್ಳದೆಯೇ ತಂತಿ ಕೊಳ್ಳಲು ಹೊರಡುತ್ತಾರೆ. ಮಧ್ಯಮ ತರಂಗದಲ್ಲಿ ಮತ್ತು ಕಿರುತರಂಗದ ಕೆಳಗಿನ ಪಟ್ಟಿಗಳಲ್ಲಿ ಆಕಾಶದಿಂದಲೂ ಊರಿನಿಂದಲೂ ಬರುವ ಗೊರಗೊರ ಶಬ್ದವು ಇಂದಿನ ಯಾವ ರೇಡಿಯೊದ ಸ್ವಂತ ಗದ್ದಲಕ್ಕಿಂತಲೂ ಹೆಚ್ಚಾಗಿರುತ್ತದೆ. ಅಂದಮೇಲೆ ತಂತಿಯನ್ನು ಉದ್ದ ಮಾಡಿದಷ್ಟೂ ಕೇಂದ್ರದ ಸಂಕೇತದ ಜೊತೆಗೆ ಗದ್ದಲವೂ ಅಷ್ಟೇ ಏರುತ್ತದೆ. ಮೀಟರಿನ ಮುಳ್ಳು ಮೇಲಕ್ಕೆ ಹೋಗುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ದೂರದ ಕೇಂದ್ರ ಕೇಳಿಸುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರ. ಏರಿಯಲ್ ಆಯ್ಕೆ ಎಂದರೆ ಬಹುಮಟ್ಟಿಗೆ ಈ ಅಂತರವನ್ನು ಹಿಗ್ಗಿಸುವ ಉಪಾಯವನ್ನು ಆರಿಸುವುದು.

ನಗರದ ಬಡಾವಣೆಗಳಲ್ಲಿ ಗದ್ದಲದ ಮೂಲಗಳು ಮನೆಯೊಳಗೇ ಇರುತ್ತವೆ: ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್‌ವರ್ಟರ್, ಇಂಡಕ್ಷನ್ ಒಲೆ, ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರ್, ತಾರಸಿಯ ಸೌರಫಲಕಗಳ ಇನ್‌ವರ್ಟರ್. ಹಳ್ಳಿಯಲ್ಲಿ ಇವು ಕಡಿಮೆ, ಆದರೆ ಹೊಲದ ಝಟ್ಕಾ ಬೇಲಿಯು ಸೆಕೆಂಡಿಗೊಮ್ಮೆ ‘ಟಕ್’ ಎನ್ನುವುದು ಮಧ್ಯಮ ತರಂಗದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಬೇಸಿಗೆಯಲ್ಲಿ ವಿದ್ಯುತ್ ಕಂಬದ ಪಿಂಗಾಣಿಯ ಮೇಲೆ ಧೂಳು ಕೂತು ಸಣ್ಣಗೆ ಕಿಡಿ ಹಾರುವಾಗ ಬರುವ ಬುರುಬುರು ಶಬ್ದ ಬೇರೆಯದೇ ಬಗೆಯದು. ಒಂದು ಜೋರು ಮಳೆ ಬಿದ್ದು ಧೂಳು ತೊಳೆದುಹೋದರೆ ಅದು ತಾನಾಗಿ ನಿಂತುಹೋಗುವುದುಂಟು.

ಪರೀಕ್ಷೆ ಸುಲಭ, ಖರ್ಚಿಲ್ಲ. ರೇಡಿಯೊವನ್ನು ಬ್ಯಾಟರಿಯ ಮೇಲೆ ನಡೆಸುತ್ತ, ಕೇಂದ್ರವಿಲ್ಲದ ಜಾಗಕ್ಕೆ ತಿರುಗಿಸಿಟ್ಟು, ಮನೆಯ ಮೇನ್ ಸ್ವಿಚ್ಚನ್ನು ಆರಿಸಿ ನೋಡಿರಿ. ಇನ್‌ವರ್ಟರ್ ಇದ್ದರೆ ಅದನ್ನೂ ಆರಿಸಬೇಕು. ಗದ್ದಲ ಇಳಿದರೆ ಮೂಲ ನಿಮ್ಮದೇ ಮನೆ. ಆಗ ಒಂದೊಂದೇ ಸಾಧನವನ್ನು ಹಚ್ಚುತ್ತ ಕಳ್ಳನನ್ನು ಹಿಡಿಯಬಹುದು, ಮತ್ತು ಒಂದು ಬಲ್ಬು ಬದಲಿಸುವುದರಿಂದ ಆಗುವ ಲಾಭ ಎಷ್ಟೋ ಸಲ ಹೊಸ ಏರಿಯಲ್ಲಿನಿಂದಲೂ ಆಗುವುದಿಲ್ಲ. ಇಳಿಯದಿದ್ದರೆ ರೇಡಿಯೊ ಹಿಡಿದು ತಾರಸಿಯ ನಾಲ್ಕು ಮೂಲೆಗೂ, ಹಿತ್ತಿಲಿಗೂ ಒಮ್ಮೆ ನಡೆದುಬಂದು ಎಲ್ಲಿ ಗದ್ದಲ ಕಡಿಮೆಯೋ ಆ ಜಾಗವನ್ನು ಗುರುತಿಸಿಕೊಳ್ಳಿರಿ. ಮುಂದೆ ಯಾವ ಏರಿಯಲ್ ಆರಿಸಿದರೂ ಅದು ನಿಲ್ಲಬೇಕಾದ ಜಾಗ ಅದೇ.

ಜಾಗ, ಗಾಳಿ, ನೆಲ ಮತ್ತು ನಿಮ್ಮ ರೇಡಿಯೊ

ಮೂವತ್ತು–ನಲವತ್ತರ ನಿವೇಶನದ ಉದ್ದ ಬದಿ 12 ಮೀಟರ್ ಚಿಲ್ಲರೆ, ಮೂಲೆಯಿಂದ ಮೂಲೆಗೆ 15 ಮೀಟರ್. ಸುತ್ತ ಬಿಟ್ಟ ಜಾಗ ಕಳೆದರೆ ತಾರಸಿ ಇನ್ನೂ ಚಿಕ್ಕದು. ಈ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ಅರ್ಧ ಚರ್ಚೆ ತಾನಾಗಿ ಮುಗಿಯುತ್ತದೆ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿಗೆ ಬರಿಯ ತಂತಿ ತಡೆದುಕೊಳ್ಳುತ್ತದೆ, ಎತ್ತರದ ಪೈಪಿನ ತುದಿಯ ಯಾಗಿ ತಡೆದುಕೊಳ್ಳಬೇಕಾದರೆ ಮೂರು ದಿಕ್ಕಿಗೆ ಎಳೆತಂತಿ ಬೇಕೇ ಬೇಕು. ಅರ್ಥಿಂಗ್ ವಿಷಯದಲ್ಲಿಯೂ ಎರಡು ಊರುಗಳಿಗೆ ವ್ಯತ್ಯಾಸವಿದೆ: ದಾವಣಗೆರೆ, ಹರಿಹರದ ಸುತ್ತಲಿನ ಎರೆಮಣ್ಣಿಗೆ ತಾಮ್ರ ಲೇಪಿತ ಸರಳು ಸಲೀಸಾಗಿ ಇಳಿಯುತ್ತದೆ ಮತ್ತು ತೇವವೂ ನಿಲ್ಲುತ್ತದೆ, ಚಿತ್ರದುರ್ಗದ ಬಂಡೆಯ ನೆಲದಲ್ಲಿ ಎರಡು ಅಡಿಗೇ ಸರಳು ನಿಂತುಬಿಡುವ ಕಡೆಗಳಿವೆ. ಅಂಥಲ್ಲಿ ಅಗಲವಾದ ಗುಂಡಿ ತೆಗೆದು ಇದ್ದಿಲು–ಉಪ್ಪು ತುಂಬಿಸುವ ಹಳೆಯ ಪದ್ಧತಿ, ಇಲ್ಲವೆ ಮಣ್ಣಿನ ಮೇಲ್ಪದರದಲ್ಲೇ ನಾಲ್ಕಾರು ತಂತಿಗಳನ್ನು ಬೇರಿನಂತೆ ಹರಡಿ ಹೂಳುವುದು ಉಳಿದಿರುವ ದಾರಿ. ಅದೂ ಆಗದಿದ್ದರೆ ಅರ್ಥಿಂಗನ್ನು ಅವಲಂಬಿಸದ ಏರಿಯಲ್ಲನ್ನೇ ಆರಿಸಬೇಕು.

ಕೊನೆಯದಾಗಿ ರೇಡಿಯೊ. ಕೈಯಲ್ಲಿ ಹಿಡಿಯುವ ಹೆಚ್ಚಿನ ಸೆಟ್ಟುಗಳಲ್ಲಿ ಮಧ್ಯಮ ತರಂಗವನ್ನು ಹಿಡಿಯುವುದು ಒಳಗಿರುವ ಫೆರೈಟ್ ಕಡ್ಡಿ. ಪಕ್ಕದ ಆಂಟೆನಾ ಕಿಂಡಿಗೆ ಏನು ಸಿಕ್ಕಿಸಿದರೂ ಅದು ಕಿರುತರಂಗಕ್ಕೆ ಮತ್ತು ಕೆಲವು ಸೆಟ್ಟುಗಳಲ್ಲಿ ಎಫ್.ಎಂ.ಗೆ ಮಾತ್ರ ಸೇರುತ್ತದೆ. ಧಾರವಾಡ ಕೇಳಿಸಲೆಂದು ತಾರಸಿಯಲ್ಲಿ ತಂತಿ ಎಳೆದು ಕಿಂಡಿಗೆ ಕೊಟ್ಟು ‘ಏನೂ ವ್ಯತ್ಯಾಸವಿಲ್ಲ’ ಎನ್ನುವವರ ತೊಂದರೆ ಬಹುತೇಕ ಇದೇ. ಜೊತೆಗೆ, ಇಂಥ ಚಿಕ್ಕ ಸೆಟ್ಟುಗಳು ಹೊರಗೆ ಎಳೆದು ಉದ್ದ ಮಾಡುವ ತಮ್ಮದೇ ಕಡ್ಡಿ ಏರಿಯಲ್ಲಿಗೆ ತಕ್ಕಂತೆ ತಯಾರಾದವು. ಮೂವತ್ತು ಮೀಟರ್ ತಂತಿಯನ್ನು ನೇರವಾಗಿ ಕೊಟ್ಟರೆ ಬಲವಾದ ಕೇಂದ್ರಗಳು ಒಳಗೆ ಕಲಸಿಹೋಗಿ, ಇರಬಾರದ ಜಾಗದಲ್ಲೆಲ್ಲ ಕಾಣಿಸಿಕೊಳ್ಳುತ್ತವೆ. ವಾಲ್ವಿನ ಹಳೆಯ ಸೆಟ್ಟುಗಳ ಬೆನ್ನಿನಲ್ಲಿ ಏರಿಯಲ್ಲಿಗೂ ಅರ್ಥಿಗೂ ಎರಡು ತಿರುಪುಗಳಿರುತ್ತಿದ್ದವು, ಅವು ಉದ್ದ ತಂತಿಯನ್ನು ನೆಚ್ಚಿಯೇ ಹುಟ್ಟಿದವು. (ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿನ ಹಣ ಕಟ್ಟಿದ ನೆನಪಿರುವ ಹಿರಿಯರ ಮನೆಗಳಲ್ಲಿ ಅಂಥ ಸೆಟ್ಟು ಇನ್ನೂ ಇದ್ದರೆ ಮಾರಬೇಡಿರಿ.)

ಉದ್ದನೆಯ ತಂತಿ

ಖರ್ಚು ಕಡಿಮೆ, ಎಲ್ಲ ಪಟ್ಟಿಗಳಿಗೂ ಬರುತ್ತದೆ, ಕೆಟ್ಟರೆ ತಾವೇ ಸರಿಪಡಿಸಿಕೊಳ್ಳಬಹುದು. ಮನೆಯ ವೈರಿಂಗಿಗೆ ಬಳಸುವ ಒಂದು ಅಥವಾ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಇಪ್ಪತ್ತು ಮೀಟರ್, ಎರಡು ತುದಿಗೆ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರ್, ನೈಲಾನ್ ಹಗ್ಗ. ಇಷ್ಟಕ್ಕೆ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಮೇಲಿನ ತೊಗಟೆಯನ್ನು ಸುಲಿಯಬೇಕಾಗಿಲ್ಲ, ರೇಡಿಯೊ ತರಂಗಕ್ಕೆ ಪ್ಲಾಸ್ಟಿಕ್ ಅಡ್ಡಿಯಲ್ಲ.

ತಂತಿಯ ತುದಿಯನ್ನು ಕಿಟಕಿಯ ಮೂಲಕ ನೇರವಾಗಿ ರೇಡಿಯೊದವರೆಗೆ ಎಳೆದು ತರುವುದು ಹಳೆಯ ಕ್ರಮ. ಇಂದು ಅದು ಕೆಟ್ಟ ಕ್ರಮ, ಏಕೆಂದರೆ ಮನೆಯೊಳಗೆ ಬರುವ ಆ ಮೂರು ಮೀಟರ್ ತಂತಿಯೇ ಬಲ್ಬು–ಚಾರ್ಜರುಗಳ ಗದ್ದಲವನ್ನೆಲ್ಲ ಬಾಚಿಕೊಳ್ಳುತ್ತದೆ. ಅದರ ಬದಲು ತಂತಿ ಮನೆಯಿಂದ ಆದಷ್ಟು ದೂರದಲ್ಲಿ ಮುಗಿಯಬೇಕು. ಅಲ್ಲಿ ತಂತಿಯನ್ನು ಕೇಬಲ್ಲಿಗೆ ಹೊಂದಿಸುವ 9:1 ಟ್ರಾನ್ಸ್‌ಫಾರ್ಮರೊಂದನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಬುಡದಲ್ಲೇ ಅರ್ಥ್ ಸರಳು ಹೂತು, ಮುಂದಕ್ಕೆ ಕೇಬಲ್ ಟೀವಿಯ ಆರ್‌ಜಿ–6 ತಂತಿಯಲ್ಲಿ ಸಂಕೇತವನ್ನು ಒಳತರಬೇಕು. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳು ಒಂದಕ್ಕೊಂದು ತಾಗದಂತಿದ್ದರೆ ಕೇಬಲ್ಲಿನ ಹೊರಕವಚವನ್ನು ಹಿಡಿದು ಬರುವ ಗದ್ದಲವೂ ಅಲ್ಲಿಗೇ ನಿಲ್ಲುತ್ತದೆ. ಇಷ್ಟನ್ನು ಮಾಡಿದ ಹನ್ನೆರಡು ಮೀಟರಿನ ತಂತಿ, ಇದನ್ನು ಮಾಡದ ನಲವತ್ತು ಮೀಟರಿನ ತಂತಿಗಿಂತ ಚೆನ್ನಾಗಿ ಕೇಳಿಸುವುದು ಸಾಮಾನ್ಯ.

ತೋಟವಿರುವವರಿಗೆ ಒಂದು ಮಾತು. ಹೊಸದುರ್ಗದ ಕಡೆ ತೆಂಗಿನ ಮರಗಳು ತಂತಿಗೆ ಸಿದ್ಧವಾಗಿ ನಿಂತ ಕಂಬಗಳೇ, ಆದರೆ ಗಾಳಿಗೆ ಅವು ತೂಗುತ್ತವೆ. ಒಂದು ತುದಿಯನ್ನು ಗಟ್ಟಿಯಾಗಿ ಕಟ್ಟಿ, ಇನ್ನೊಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕಲ್ಲು ತೂಗುಬಿಟ್ಟರೆ ಮರ ಎಷ್ಟು ವಾಲಿದರೂ ತಂತಿ ಹರಿಯುವುದಿಲ್ಲ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಮಾತ್ರ ತಂತಿಯನ್ನು ಮರಗಳ ನಡುವೆ ಎಳೆಯದಿರುವುದೇ ಮೇಲು: ಔಷಧಿ ಹೊಡೆಯುವವರಿಗೂ ಗೊನೆ ಇಳಿಸುವವರಿಗೂ ಅದು ಕಣ್ಣಿಗೆ ಬೀಳದ ಅಪಾಯ.

ಡೈಪೋಲ್

ಒಂದೇ ಪಟ್ಟಿಯನ್ನು ನೆಚ್ಚಿದವರಿಗೆ ಇದು ಚೊಕ್ಕವಾದ ಏರಿಯಲ್. 142.5ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ: 31 ಮೀಟರ್ ಪಟ್ಟಿಯ 9.7 ಮೆಗಾಹರ್ಟ್ಸ್‌ಗೆ 14.7 ಮೀಟರ್, ಅಂದರೆ ಮೂವತ್ತು–ನಲವತ್ತರ ನಿವೇಶನದ ಕರ್ಣಕ್ಕೆ ಸರಿಯಾಗಿ. 25 ಮೀಟರ್ ಪಟ್ಟಿಗೆ ಹನ್ನೆರಡು. 49ಕ್ಕೆ ಸುಮಾರು 24, ಅದು ನಗರದ ನಿವೇಶನದೊಳಗೆ ಹಿಡಿಯುವುದಿಲ್ಲ. ನಡುವೆ ಕತ್ತರಿಸಿ ಅಲ್ಲಿಂದಲೇ ಆರ್‌ಜಿ–6 ಇಳಿಬಿಡಬೇಕು. ನೀರಿನ ಟ್ಯಾಂಕಿನ ಮೇಲೆ ಒಂದು ಪೈಪು ನಿಲ್ಲಿಸಿ ನಡುಭಾಗವನ್ನು ಅಲ್ಲಿಗೆ ಏರಿಸಿ, ಎರಡು ತುದಿಗಳನ್ನು ಪ್ಯಾರಾಪೆಟ್ಟಿನ ಮೂಲೆಗಳಿಗೆ ಇಳಿಜಾರಾಗಿ ಎಳೆದು ಕಟ್ಟಿದರೆ ಸ್ಥಳವೂ ಸಾಲುತ್ತದೆ, ಗಾಳಿಯೂ ಕಾಡುವುದಿಲ್ಲ. ಇದಕ್ಕೆ ಅರ್ಥಿಂಗ್ ಇಲ್ಲದೆಯೂ ನಡೆಯುವುದರಿಂದ ಚಿತ್ರದುರ್ಗದ ಬಂಡೆ ನೆಲದವರಿಗೆ ಇದು ಉದ್ದ ತಂತಿಗಿಂತ ಒಪ್ಪುತ್ತದೆ. ಮಧ್ಯಮ ತರಂಗಕ್ಕೆ ಇದರಿಂದ ಪ್ರಯೋಜನವಿಲ್ಲ.

ಲೂಪ್

ಲೂಪಿನ ಹೆಚ್ಚುಗಾರಿಕೆ ಬಲದಲ್ಲಿ ಇಲ್ಲ, ಕಿವುಡಿನಲ್ಲಿ ಇದೆ. ಚೌಕಟ್ಟಿನ ಅಂಚು ಯಾವ ದಿಕ್ಕಿಗೆ ನೋಡುತ್ತದೆಯೋ ಆ ದಿಕ್ಕು ಮತ್ತು ಅದರ ನೇರ ಹಿಂದಿನ ದಿಕ್ಕು ಚೆನ್ನಾಗಿ ಕೇಳಿಸುತ್ತವೆ. ಅದರ ಮುಖ ಎದುರಿಸುವ ಎರಡು ದಿಕ್ಕುಗಳು ಮುಚ್ಚಿಹೋಗುತ್ತವೆ. ನೆರೆಮನೆಯ ಇನ್‌ವರ್ಟರಿನ ಕಡೆಗೆ ಮುಖ ತಿರುಗಿಸಿದರೆ ಅದರ ಗದ್ದಲ ಆಳಕ್ಕೆ ಇಳಿಯುತ್ತದೆ. ಇಂಥ ಅನುಕೂಲ ತಂತಿಯಿಂದ ಎಂದಿಗೂ ಸಿಗದು.

ನಮ್ಮ ಸೀಮೆಗೆ ಭೂಗೋಳವೇ ಒಂದು ಉಪಕಾರ ಮಾಡಿದೆ. ದಾವಣಗೆರೆಯಿಂದ ನೋಡಿದರೆ ಬೆಂಗಳೂರು ಆಗ್ನೇಯಕ್ಕೆ, ಧಾರವಾಡ ವಾಯವ್ಯಕ್ಕೆ, ಬಹುಮಟ್ಟಿಗೆ ಒಂದೇ ಗೆರೆಯ ಎರಡು ತುದಿಗಳಲ್ಲಿವೆ, ಚಿತ್ರದುರ್ಗದಿಂದಲೂ ಹಾಗೆಯೇ. ಲೂಪಿನ ಅಂಚನ್ನು ಆ ಗೆರೆಗೆ ಸರಿಯಾಗಿ ನಿಲ್ಲಿಸಿದರೆ 612 ಮತ್ತು 765 ಎರಡೂ ತಿರುಗಿಸದೆಯೇ ಸಿಗುತ್ತವೆ, ಈಶಾನ್ಯ–ನೈರುತ್ಯದ ಗದ್ದಲ ಕುಗ್ಗುತ್ತದೆ. ದಾವಣಗೆರೆಯಿಂದ ಭದ್ರಾವತಿ ದಕ್ಷಿಣ–ನೈರುತ್ಯಕ್ಕಿರುವುದರಿಂದ ಸ್ವಲ್ಪ ಕುಂದುತ್ತದೆ, ಆದರೆ ಅದು ಹತ್ತಿರದ ಕೇಂದ್ರ, ಬೇಕಾದಷ್ಟು ಉಳಿಯುತ್ತದೆ.

ಲೂಪಿನಲ್ಲಿ ಎರಡು ಬಗೆ. ಮೊದಲನೆಯದು ಮನೆಯಲ್ಲೇ ಮಾಡುವ ಚೌಕಟ್ಟು: ಒಂದು ಮೀಟರ್ ಬದಿಯ ಮರದ ಚೌಕಕ್ಕೆ ಎಂಟೊಂಬತ್ತು ಸುತ್ತು ತಂತಿ, ಅದಕ್ಕೆ ಹಳೆಯ ರೇಡಿಯೊದಿಂದ ಬಿಚ್ಚಿದ 500 ಪಿಕೋಫ್ಯಾರಡಿನ ಗ್ಯಾಂಗ್ ಕಂಡೆನ್ಸರ್. ರೇಡಿಯೊಕ್ಕೆ ತಂತಿ ಜೋಡಿಸುವ ಅಗತ್ಯವೇ ಇಲ್ಲ. ಪಕ್ಕದಲ್ಲಿಟ್ಟು ಗ್ಯಾಂಗನ್ನು ತಿರುಗಿಸಿದರೆ ಫೆರೈಟ್ ಕಡ್ಡಿ ತಾನೇ ಹಿಡಿದುಕೊಳ್ಳುತ್ತದೆ, ಹಿಂದೆ ಹೇಳಿದ ಕಿಂಡಿಯ ತೊಡಕು ಇಲ್ಲಿ ಇಲ್ಲ. ಇದು ಮಧ್ಯಮ ತರಂಗಕ್ಕೆ ಮಾತ್ರ, ಮಳೆಗೆ ನೆನೆಯಬಾರದು. ಆದ್ದರಿಂದ ಪಡಸಾಲೆ ಅಥವಾ ಬಾಲ್ಕನಿಯೇ ಇದರ ಜಾಗ. ಕಬ್ಬಿಣದ ಸರಳುಗಳಿಂದ ತುಂಬಿದ ಆರ್‌ಸಿಸಿ ಮನೆಯ ಒಳಕೋಣೆ ಇದಕ್ಕೆ ಸಲ್ಲದು.

ಎರಡನೆಯದು ಅಂಗಡಿಯ ಲೂಪ್: ಒಂದೇ ಸುತ್ತಿನ ಲೋಹದ ಬಳೆ, ಬುಡದಲ್ಲಿ ವರ್ಧಕ, ಕೇಬಲ್ಲಿನಲ್ಲೇ ಹೋಗುವ ವಿದ್ಯುತ್ತು. ಮಧ್ಯಮ ತರಂಗವನ್ನೂ ಕಿರುತರಂಗವನ್ನೂ ಹಿಡಿಯುತ್ತದೆ, ಪ್ಯಾರಾಪೆಟ್ಟಿನ ಮೇಲೆ ಮಾರುದ್ದದ ಪೈಪಿನಲ್ಲಿ ನಿಲ್ಲುತ್ತದೆ, ಬಾಡಿಗೆ ಮನೆ ಬಿಡುವಾಗ ಕೈಯಲ್ಲಿ ಹಿಡಿದು ಹೊರಡಬಹುದು. ಬೆಲೆ ಕೆಲವು ಸಾವಿರ. ಅದಕ್ಕೆ ಮೊಬೈಲ್ ಚಾರ್ಜರಿನಿಂದ ವಿದ್ಯುತ್ ಕೊಟ್ಟರೆ ಕೊಂಡ ಉದ್ದೇಶವೇ ಹಾಳಾಗುತ್ತದೆ. ಬ್ಯಾಟರಿ ಅಥವಾ ಹಳೆಯ ಮಾದರಿಯ ಭಾರದ ಟ್ರಾನ್ಸ್‌ಫಾರ್ಮರ್ ಇರುವ ಎಲಿಮಿನೇಟರ್ ಬೇಕು. ಮಧ್ಯಮ ತರಂಗಕ್ಕೂ ಇದನ್ನು ಬಳಸಬೇಕೆಂದರೆ ರೇಡಿಯೊದ ಕಿಂಡಿ ಆ ತರಂಗಕ್ಕೂ ತೆರೆದಿರಬೇಕು ಎಂಬುದನ್ನು ಕೊಳ್ಳುವ ಮೊದಲು ನೋಡಿಕೊಳ್ಳಿರಿ. ಇದೇ ಬೆಲೆಗೆ ಸಿಗುವ ಚಿಕ್ಕ ವರ್ಧಕ ಕಡ್ಡಿಗಳನ್ನು ನಗರದವರಿಗೆ ನಾನು ಸೂಚಿಸುವುದಿಲ್ಲ. ಅವಕ್ಕೆ ದಿಕ್ಕಿಲ್ಲ, ಹತ್ತಿರದ ಗದ್ದಲವನ್ನೇ ಮೊದಲು ನುಂಗುತ್ತವೆ.

ಯಾಗಿ

ಎಫ್.ಎಂ. ಮಾತ್ರ ಕೇಳುವವರು ಮೇಲಿನ ಮೂರನ್ನೂ ಮರೆತುಬಿಡಬಹುದು. ತಾರಸಿಯ ಮೇಲಿರುವ ದೂರದರ್ಶನದ ಹಳೆಯ ಏರಿಯಲ್ಲನ್ನೇ ಬಳಸಲಾಗದೆ ಎಂಬ ಪ್ರಶ್ನೆ ಬರುತ್ತದೆ. ಅವುಗಳಲ್ಲಿ ಹೆಚ್ಚಿನವು 174ರಿಂದ 230 ಮೆಗಾಹರ್ಟ್ಸ್‌ಗೆ ಅಳತೆ ಮಾಡಿದವು, ಎಫ್.ಎಂ. ಇರುವುದು 108ರ ಕೆಳಗೆ, ಅದಕ್ಕೆ ಬೇಕಾದ ಕಡ್ಡಿ ಸುಮಾರು ಒಂದೂವರೆ ಮೀಟರ್. ಆದ್ದರಿಂದ ಪೈಪು ಮತ್ತು ಕ್ಲಾಂಪುಗಳನ್ನು ಉಳಿಸಿಕೊಂಡು ಮೇಲಿನದನ್ನು ಬದಲಿಸಬೇಕು. ಮೂರು ಕಡ್ಡಿಯದು ಹೆಚ್ಚಿನವರಿಗೆ ಸಾಕು; ಐದು ಕಡ್ಡಿಯದು ಇನ್ನಷ್ಟು ಹಿಡಿಯುತ್ತದೆ, ಗಾಳಿಯನ್ನೂ ಇನ್ನಷ್ಟು ಹಿಡಿಯುತ್ತದೆ. ಮಡಿಚಿದ ಡೈಪೋಲಿನ (ಕೇಬಲ್ ಸೇರುವ ಕಡ್ಡಿಯ) 300 ಓಮನ್ನು ಕೇಬಲ್ಲಿನ 75ಕ್ಕೆ ಇಳಿಸುವ, ಬಾಲನ್ ಎಂಬ ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಮರೆಯಬಾರದು. ಕಡ್ಡಿಗಳನ್ನು ಅಡ್ಡಲಾಗಿಯೂ ನೆಟ್ಟಗೂ ಇಟ್ಟು ನೋಡಿ, ಯಾವುದರಲ್ಲಿ ಚೆನ್ನಾಗಿ ಬರುವುದೋ ಹಾಗೆ ಬಿಗಿಯಿರಿ. ಚಿತ್ರದುರ್ಗ ನಗರದೊಳಗಿನವರಿಗೆ ಯಾಗಿಯನ್ನು ಸ್ಥಳೀಯ ಗೋಪುರದ ಕಡೆಗೆ ತಿರುಗಿಸುವುದರಿಂದ ಕೇಡೇ ಹೆಚ್ಚು; ದೂರದ ಕೇಂದ್ರಕ್ಕಾಗಿ ಬಳಸುವಾಗ ಅದರ ಬೆನ್ನು ಗೋಪುರದ ಕಡೆಗಿರಲಿ.

ಸಿಡಿಲು ಮತ್ತು ವಿದ್ಯುತ್ ತಂತಿ

ಬೆಸ್ಕಾಂನ ತಂತಿಗಳ ಮೇಲಾಗಲಿ ಕೆಳಗಾಗಲಿ ಯಾವ ಏರಿಯಲ್ಲೂ ಹಾಯಬಾರದು. ಪೈಪು ಬುಡ ಕಿತ್ತು ಬಿದ್ದರೂ ಆ ತಂತಿಗಳನ್ನು ಮುಟ್ಟದಷ್ಟು ದೂರದಲ್ಲಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ಕೇಳುವುದು ಮುಗಿದ ಕೂಡಲೇ ಕೇಬಲ್ಲನ್ನು ರೇಡಿಯೊದಿಂದ ಬಿಚ್ಚಿ ಕಿಟಕಿಯ ಹೊರಗೆ ಬಿಡುವುದು ರೂಢಿಯಾಗಲಿ. ಗುಡುಗು ಕೇಳಿಸಿದ ಮೇಲೆ ಬಿಚ್ಚಲು ಕೈಹಾಕಬಾರದು. ಅಂಗಡಿಯಲ್ಲಿ ಸಿಗುವ ಸಿಡಿಲು ರಕ್ಷಕಗಳು ಗಾಳಿಯಿಂದ ಏರಿಯಲ್ಲಿನಲ್ಲಿ ಕೂಡಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುತ್ತವೆ, ನೇರ ಹೊಡೆತವನ್ನು ತಡೆಯುವುದಿಲ್ಲ.

ಯಾರಿಗೆ ಯಾವುದು

ದಾವಣಗೆರೆಯ ಒತ್ತಾದ ಬಡಾವಣೆಯಲ್ಲಿ ಮಧ್ಯಮ ತರಂಗವನ್ನಷ್ಟೇ ಕೇಳುವವರಿಗೆ ಮರದ ಚೌಕಟ್ಟಿನ ಲೂಪಿಗಿಂತ ಬೇರೆ ಬೇಕಿಲ್ಲ. ಕಿರುತರಂಗವೂ ಬೇಕಾದರೆ ಅಂಗಡಿಯ ಲೂಪಿಗೆ ಹಣ ಹಾಕಬಹುದು. ನಾಲ್ಕು ಕಡೆ ಹೊಲವಿದ್ದು ಎರೆಮಣ್ಣಿನ ನೆಲವಿರುವ ಹಳ್ಳಿಯ ಮನೆಗೆ, ಅದರಲ್ಲೂ ವಾಲ್ವಿನ ಸೆಟ್ಟು ಇರುವವರಿಗೆ, ಉದ್ದ ತಂತಿಯನ್ನು ಮೀರಿಸುವುದು ಯಾವುದೂ ಇಲ್ಲ. ಬಂಡೆಯ ನೆಲದಲ್ಲಿ ಸ್ವಂತ ಮನೆಯಿದ್ದು ಸಂಜೆಯ 31 ಮೀಟರ್ ಪಟ್ಟಿಯನ್ನೇ ನೆಚ್ಚಿದವರು ಡೈಪೋಲ್ ಕಟ್ಟಲಿ. ಎಫ್.ಎಂ.ಗೆ ಯಾಗಿ, ಆಷಾಢಕ್ಕೆ ಮೊದಲೇ ಎಳೆತಂತಿಗಳೊಡನೆ.

ಇನ್ನೂ ತೀರ್ಮಾನವಾಗದವರು ಹತ್ತು ಮೀಟರ್ ವೈರಿಂಗ್ ತಂತಿಯನ್ನು ತಾತ್ಕಾಲಿಕವಾಗಿ ಎಳೆದು, ಕಿಂಡಿಯ ತೊಡಕಿರುವ ಸೆಟ್ಟಿಗಾದರೆ ಅದರ ತುದಿಯನ್ನು ರೇಡಿಯೊದ ಮೈಗೆ ನಾಲ್ಕಾರು ಸುತ್ತು ಸುತ್ತಿ, ಮಧ್ಯಾಹ್ನದ ಹೊತ್ತು 765ಕ್ಕೆ ತಿರುಗಿಸಿ ಕೇಳಲಿ. ಧಾರವಾಡ ಕ್ಷೀಣವಾದರೂ ಶುದ್ಧವಾಗಿ ಬಂದರೆ ತಂತಿಯನ್ನು ಉದ್ದ ಮಾಡುವುದರಲ್ಲಿ ಅರ್ಥವಿದೆ. ಗೊರಗೊರದೊಳಗೆ ಮುಳುಗಿ ಬಂದರೆ ಮುಂದಿನ ಹಣ ಲೂಪಿಗೆ ಹೋಗಬೇಕು.